ಮನ್ಯಾಗ ಕುಂತಾಕಿಯ ಓಟು ಯಾರಿಗೆ?

ದಾರು ಅಂಗಡಿಗೆ ಲೈಸೆನ್ಸ್ ಇದ್ರೂ ಅದನ್ನ ಮುಚ್ಚಿಸೋ ಹಕ್ಕು ಜತ್ತ, ಅಕ್ಕಲಕೋಟದ ನಮ್ಮ ಅವ್ವ-ಅಕ್ಕಂದಿರಿಗೆ ಐತಿ. ಮಹಾರಾಷ್ಟ್ರದ 2008ರ ಆದೇಶದಂತೆ ಶೇ. 25ರಷ್ಟು ಮಹಿಳಾ ಮತದಾರರು ಸಹಿ ಮಾಡಿ ಅರ್ಜಿ ಕೊಟ್ಟರೆ ಗುಪ್ತ ಮತದಾನ. ಗುರುತು ಎರಡೇ: ನಿಂತ ಬಾಟ್ಲಿ, ಅಡ್ಡ ಬಾಟ್ಲಿ. ಮುಚ್ಚಬೇಕಾದ್ರ ಅಡ್ಡ ಬಾಟ್ಲಿಗೆ ಅರ್ಧಕ್ಕಿಂತ ಹೆಚ್ಚು ಓಟು ಬೀಳಬೇಕು.

ಅರ್ಧ ಅಂದ್ರ ಬಂದವರಲ್ಲಿ ಅರ್ಧ ಅಲ್ರೀ, ಪಟ್ಟಿಯಲ್ಲಿರುವ ಎಲ್ಲ ಹೆಣ್ಮಕ್ಕಳಲ್ಲಿ ಅರ್ಧ! ಅಂದು ಕಬ್ಬು ಕಡಿಯಾಕ ಹೋದಾಕಿ, ಮನ್ಯಾಗ ಕುಂತಾಕಿ, ಎಲ್ಲಾರೂ ಅಂಗಡಿಯವನ ಲೆಕ್ಕಕ್ಕೇ ಜಮಾ.

ಈ ಮಾತು ಬರೀ ಮರಾಠಿ ನೋಟಿಸಿನಾಗ ಇದ್ರ ನಮ್ಮ ಆಯಿ ಹೆಂಗ ಓದಬೇಕು? ಭಾಷಾ ಅಲ್ಪಸಂಖ್ಯಾತರು ಶೇ. 15 ಇರುವ ತಾಲ್ಲೂಕಿನಲ್ಲಿ ಮುಖ್ಯ ಸರ್ಕಾರಿ ಸೂಚನೆಗಳು ಅವರ ಭಾಷೆಯಲ್ಲೂ ಬರಬೇಕೆಂಬ ರಕ್ಷಣೆ ಇದೆ. ಅಡ್ಡ ಬಾಟ್ಲಿ ಅರ್ಜಿ ಕೊಡುವಾಗಲೇ ನಾವು ಕನ್ನಡ ನೋಟಿಸನ್ನೂ ಬರವಣಿಗೆಯಲ್ಲಿ ಕೇಳೋಣ.