ಹೊಗಳಿಕೆಯ ನೆರಳಿನಲ್ಲಿ ‘ರೆಬೆಕಾ’

ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ಒಂದೆರಡು ನಿಮಿಷಗಳಲ್ಲಿ ಅದನ್ನು ಕೊಂಡಾಡುವ ವಿಡಿಯೊಗಳು ಈಗ ಓದುಗರ ಆಯ್ಕೆಯನ್ನು ನಿರ್ಧರಿಸುತ್ತಿವೆ. ಭಾರತದಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧಗೊಂಡರೂ ಈ ರೂಢಿ ನಿಲ್ಲಲಿಲ್ಲ. ಇನ್‌ಸ್ಟಾಗ್ರಾಂನ ರೀಲುಗಳಲ್ಲಿ ಮುಂದುವರಿಯಿತು. ಹೀಗೆ ಹೊಸ ಪುಸ್ತಕಗಳ ಜತೆಗೆ ಅಜ್ಜ-ಅಜ್ಜಿಯರ ಕಾಲದ ರೋಚಕ ಕಾದಂಬರಿಗಳೂ ಮತ್ತೆ ಮೆರವಣಿಗೆ ಹೊರಟಿವೆ. ‘ಇದರ ತಿರುವನ್ನು ನೀವು ಊಹಿಸಲಾರಿರಿ’ ಎಂಬುದು ಅವುಗಳ ಮುಂದೆ ಮೊಳಗುವ ವಾದ್ಯ. ಆ ಸದ್ದಿಗೆ ಮಾರುಹೋಗಿ ಡಾಫ್ನೆ ಡು ಮಾರಿಯೆ ಅವರ ‘ರೆಬೆಕಾ’ವನ್ನು ಕೈಗೆತ್ತಿಕೊಂಡವರಲ್ಲಿ ಈ ಲೇಖಕನೂ ಒಬ್ಬ.

1938ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಪ್ರಚಾರದ ಕೊರತೆ ಎಂದೂ ಇರಲಿಲ್ಲ. ಆಲ್ಫ್ರೆಡ್ ಹಿಚ್‌ಕಾಕ್ 1940ರಲ್ಲಿ ನಿರ್ದೇಶಿಸಿದ ಚಲನಚಿತ್ರ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು. ಹಿಂದಿಯಲ್ಲಿ 1964ರಲ್ಲಿ ಬಂದ ‘ಕೊಹ್ರಾ’ ಕೂಡ ಇದೇ ಕಥೆಯ ನೆರಳು. ಹಾಗಿದ್ದೂ ‘ತಿರುವಿ’ಗಾಗಿ ಓದತೊಡಗಿದವರಿಗೆ ಮೊದಲ ಅಧ್ಯಾಯದಲ್ಲೇ ನಿರಾಸೆ ಕಾದಿರುತ್ತದೆ. ಮ್ಯಾಂಡರ್ಲಿ ಎಂಬ ಭವ್ಯ ಬಂಗಲೆ ಈಗ ಉಳಿದಿಲ್ಲ, ನಾಯಕ-ನಾಯಕಿಯರು ಅಲ್ಲಿಗೆ ಮರಳುವಂತಿಲ್ಲ ಎಂಬುದನ್ನು ಲೇಖಕಿ ಆರಂಭದಲ್ಲೇ ಹೇಳಿಬಿಡುತ್ತಾರೆ. ಏನಾಯಿತು ಎಂಬುದನ್ನು ಮುಚ್ಚಿಡುವುದಕ್ಕಿಂತ, ಹೇಗಾಯಿತು ಎಂಬುದಕ್ಕಾಗಿ ಓದುಗನನ್ನು ಕಾಯಿಸುವುದೇ ಅವರ ಕುಶಲತೆ. ಕಾಯುವ ವ್ಯವಧಾನವಿಲ್ಲದವರಿಗೆ ಮೊದಲ ನೂರು ಪುಟಗಳು ನಿಧಾನವೆನಿಸಿದರೆ ಅದು ಪುಸ್ತಕದ ತಪ್ಪಲ್ಲ. ಅದನ್ನು ಪಟಾಕಿಯೆಂದು ಮಾರಿದವರ ತಪ್ಪು.

ಕಥೆಯ ಎಳೆ ಸರಳವಾದುದು. ಶ್ರೀಮಂತ ಮಹಿಳೆಯೊಬ್ಬಳ ಸಂಬಳದ ಸಂಗಾತಿಯಾಗಿ ಮಾಂಟೆ ಕಾರ್ಲೊಗೆ ಬಂದ ಬಡ ಯುವತಿ, ಅಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ವಿಧುರನನ್ನು ಮದುವೆಯಾಗಿ ಮ್ಯಾಂಡರ್ಲಿಗೆ ಕಾಲಿಡುತ್ತಾಳೆ. ಸತ್ತುಹೋದ ಮೊದಲ ಹೆಂಡತಿ ರೆಬೆಕಾಳ ಗುಣಗಾನ ಅವಳನ್ನು ಅಲ್ಲಿ ಎದುರುಗೊಳ್ಳುತ್ತದೆ. ಎಂಥ ಚೆಲುವೆ, ಎಂಥ ಅಭಿರುಚಿ, ಎಂಥ ಆತಿಥ್ಯ! ಮನೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್‌ಗಂತೂ ಅದೊಂದು ಆರಾಧನೆ. ಕಥೆ ಹೇಳುವ ಈ ಎರಡನೆಯ ಹೆಂಡತಿಗೆ ಕಾದಂಬರಿಯುದ್ದಕ್ಕೂ ಹೆಸರೇ ಇಲ್ಲ. ತನ್ನದೇ ಮನೆಯ ಪಿಂಗಾಣಿ ಗೊಂಬೆಯೊಂದು ಕೈಜಾರಿ ಒಡೆದರೆ, ಕೆಲಸದವರಿಗೆ ಹೆದರಿ ಚೂರುಗಳನ್ನು ಮೇಜಿನ ಖಾನೆಯಲ್ಲಿ ಬಚ್ಚಿಡುವಷ್ಟು ಅವಳು ಕುಗ್ಗಿಹೋಗುತ್ತಾಳೆ. ಇದನ್ನು ಪ್ರಣಯಕಥೆಯೆಂದು ಕರೆದವರು ಹಲವರು. ಲೇಖಕಿಗೆ ಇದು ಮತ್ಸರದ ಅಧ್ಯಯನವಾಗಿತ್ತು.

ಬೇರೆಯವರ ಬಾಯಿಮಾತು ನಂಬಿ ಹಿಡಿದ ಪುಸ್ತಕ, ಬೇರೆಯವರ ಬಾಯಿಮಾತು ನಂಬಿ ನರಳಿದ ಹೆಣ್ಣಿನ ಕಥೆಯಾಗಿತ್ತು ಎಂಬುದು ಅರಿವಾದಾಗ ಓದಿನ ಬಗೆಯೇ ಬದಲಾಯಿತು. ರೆಬೆಕಾಳನ್ನು ಅವಳು ಕಣ್ಣಾರೆ ಕಂಡವಳಲ್ಲ. ಒಂದು ಕೈಬರಹ, ಒಂದು ಕರವಸ್ತ್ರ, ಹತ್ತಾರು ಜನರ ಹೊಗಳಿಕೆ, ಇಷ್ಟರಿಂದಲೇ ಅವಳು ತನ್ನ ಎದುರಾಳಿಯನ್ನು ಕಟ್ಟಿಕೊಂಡು ಅದರೆದುರು ತಾನೇ ಸೋಲುತ್ತಾಳೆ. ಪರದೆಯ ಮೇಲೆ ಕಾಣುವ ಪರರ ಮನೆ, ಪರರ ಮದುವೆ, ಪರರ ಸುಖವನ್ನು ಮುಂದಿಟ್ಟುಕೊಂಡು ತಮ್ಮ ಬದುಕನ್ನು ಅಳೆಯುವ ಇಂದಿನವರಿಗೆ ಈ ಸಂಕಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತೂ ಇದೆ. ಕಾದಂಬರಿಯ ಗುಟ್ಟು ಏನೆಂದು ಇಲ್ಲಿ ಹೇಳುವುದು ಸಲ್ಲದು. ಹಾಲಿವುಡ್‌ನ ಅಂದಿನ ನಿರ್ಬಂಧಗಳಿಗೆ ಮಣಿದು ಹಿಚ್‌ಕಾಕ್ ಚಿತ್ರವು ಅದನ್ನು ಬದಲಿಸಬೇಕಾಯಿತು ಎಂದರೆ ಸಾಕು. ಆದರೆ ಆ ಗುಟ್ಟು ತಿಳಿಯುವುದೂ ಒಬ್ಬನೇ ವ್ಯಕ್ತಿಯ ಬಾಯಿಂದ. ತನ್ನ ಪಕ್ಷವನ್ನು ಹೇಳಿಕೊಳ್ಳಲು ರೆಬೆಕಾ ಬದುಕಿಲ್ಲ. ಅಲ್ಲಿಯವರೆಗೆ ಹೊಗಳಿಕೆಯನ್ನು ನಂಬಿದ್ದ ಎರಡನೆಯ ಹೆಂಡತಿ, ಮರುಕ್ಷಣವೇ ಆ ಹೊಸ ಕಥನವನ್ನು ನಂಬುತ್ತಾಳೆ. ಅವಳ ಜತೆಗೆ ಓದುಗರೂ ನಂಬುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ನಿದ್ದೆ ಕೆಡಿಸುವುದು ಕಥೆಯ ತಿರುವಲ್ಲ, ನಾವು ಇಷ್ಟು ಸಲೀಸಾಗಿ ಪಕ್ಷ ವಹಿಸಿದೆವಲ್ಲ ಎಂಬ ಅಳುಕು.

ಅಂತರ್ಜಾಲದ ಪ್ರಚಾರವನ್ನು ಇಡಿಯಾಗಿ ಹಳಿಯುವುದು ನ್ಯಾಯವಲ್ಲ. ಎಂಟು ದಶಕ ದಾಟಿದ ಪುಸ್ತಕವೊಂದನ್ನು ಹೊಸ ತಲೆಮಾರಿನ ಕೈಗೆ ತಲುಪಿಸುವುದು ಸಣ್ಣ ಕೆಲಸವೇನಲ್ಲ. ಅದಿಲ್ಲದಿದ್ದರೆ ಈ ಲೇಖಕನೂ ‘ರೆಬೆಕಾ’ವನ್ನು ಓದುತ್ತಿರಲಿಲ್ಲ. ಆದರೆ ಹೊಗಳಿಕೆ ಓದಿಗೆ ಆಹ್ವಾನವಾಗಬಹುದೇ ಹೊರತು ತೀರ್ಪಾಗಲಾರದು. ಬೆಚ್ಚಿಬೀಳಿಸಿತೋ ಇಲ್ಲವೋ ಎಂಬ ಒಂದೇ ಅಳತೆಗೋಲಿನಿಂದ ಹಳೆಯ ಕೃತಿಗಳನ್ನು ಅಳೆಯತೊಡಗಿದರೆ, ಅವು ಮೆಲುದನಿಯಲ್ಲಿ ಹೇಳುವ ಮಾತುಗಳು ನಮಗೆ ಕೇಳಿಸದೇ ಹೋಗುತ್ತವೆ. ಬಾಗಿಲವರೆಗೆ ಯಾರು ಬೇಕಾದರೂ ಕರೆತರಲಿ. ಮನೆಯನ್ನು ಮಾತ್ರ ನಮ್ಮ ಕಣ್ಣಿನಿಂದಲೇ ನೋಡಬೇಕು.