ಲಂಡನ್ನಿನ 68, ಬೆಂಗಳೂರಿನ 68

ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ 68 ಅಂಕ ತೆಗೆಯುವುದು ಸುಲಭದ ಮಾತಲ್ಲ. ಅಲ್ಲಿ 40 ಬಂದರೆ ಪಾಸು, 60 ದಾಟಿದರೆ ಅಪ್ಪರ್ ಸೆಕೆಂಡ್, 70 ಬಂದರೆ ಪ್ರಥಮ ದರ್ಜೆ. 80 ಸಿಗುವುದೇ ಅಪರೂಪ. ಅಲ್ಲಿ ಪದವಿ ಮುಗಿಸಿದ ವಿದ್ಯಾರ್ಥಿ ಊರಿಗೆ ಮರಳಿ ಐಐಎಂಗೆ ಅರ್ಜಿ ತುಂಬುವಾಗ ಬರೆಯಬೇಕಾದದ್ದು ಮಾತ್ರ ಬರೀ 68. ಪಕ್ಕದ ಅರ್ಜಿಯಲ್ಲಿ ನಮ್ಮದೇ ಕಾಲೇಜೊಂದರ 88 ಇರುತ್ತದೆ.

ಇದು ಅನ್ಯಾಯ.

ಗ್ರೇಡ್ ಪಡೆದವರ ಪಾಡು ಇನ್ನೂ ವಿಚಿತ್ರ. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಕ್ರಮ ವಿಶ್ವವಿದ್ಯಾಲಯದಲ್ಲಿ ಇಲ್ಲದಿದ್ದರೆ, ಅದನ್ನು ಗರಿಷ್ಠ ಸಿಜಿಪಿಎಯಿಂದ ಭಾಗಿಸಿ ನೂರರಿಂದ ಗುಣಿಸಿ ಎನ್ನುತ್ತದೆ ಐಐಎಂ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ನಿಯಮ. ಅಮೆರಿಕದ 4ಕ್ಕೆ 3.3 ಹೀಗೆ 82.5 ಆಗುತ್ತದೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು. ಈ ಭಾಗಾಕಾರಕ್ಕೆ ಅಲ್ಲಿ ಅರ್ಥವೇ ಇಲ್ಲ. ಅದೇ ಜರ್ಮನಿ ನಮ್ಮ ಮಕ್ಕಳ ಅಂಕ ಬದಲಿಸುವಾಗ ಬವೇರಿಯನ್ ಸೂತ್ರ ಬಳಸುತ್ತದೆ. ಗರಿಷ್ಠ ಅಂಕವೆಷ್ಟು, ಪಾಸಿಗೆ ಎಷ್ಟು ಬೇಕು ಎಂಬ ಎರಡನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಅವರು ನಮಗೆ ತೋರಿದ ಇಷ್ಟು ಎಚ್ಚರ ನಮ್ಮವರಿಗೆ ನಮ್ಮ ಮಕ್ಕಳ ಮೇಲೇಕೆ ಇಲ್ಲ?

ಪದವಿಯ ಮಾನ್ಯತೆಗೆ ದಾರಿ ಇದೆ. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ (ಎಐಯು) ತುಲ್ಯತಾ ಪತ್ರ ಕೊಡುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಯುಜಿಸಿ ಅದಕ್ಕೆ ಹೊಸ ನಿಯಮಾವಳಿಯನ್ನೇ ತಂದಿತು. ಆದರೆ ಪದವಿ ಸಮಾನ ಎಂದ ಮಾತ್ರಕ್ಕೆ ಅಂಕ ಸಮಾನವಾಗುವುದಿಲ್ಲ. ಬೆಂಗಳೂರಿನ ಐಐಎಂ ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳನ್ನೂ ತೂಗುತ್ತದೆ. ಒಂದು ಬೋರ್ಡಿನ ಧಾರಾಳ, ಇನ್ನೊಂದರ ಬಿಗಿ ಶಾಲಾ ಅಂಕಗಳಲ್ಲಿ ಏರುಪೇರು ಮಾಡದಂತೆ ಅದನ್ನು ಸರಿದೂಗಿಸುವ ಕ್ರಮವೂ ಅದಕ್ಕೆ ಗೊತ್ತು. ಅಂದಮೇಲೆ ದೇಶದೇಶಗಳ ನಡುವಿನ ವ್ಯತ್ಯಾಸ ಅಸಾಧ್ಯದ ಲೆಕ್ಕವೇನಲ್ಲ.

ಹೊರದೇಶಕ್ಕೆ ಹೋದವರು ಉಳ್ಳವರ ಮಕ್ಕಳು, ಅವರಿಗೇಕೆ ಮರುಗಬೇಕು ಎನ್ನುವವರಿದ್ದಾರೆ. ಮನೆ ಅಡವಿಟ್ಟು ಬ್ಯಾಂಕ್ ಸಾಲ ತಂದು ಕಳಿಸಿದ ತಂದೆ-ತಾಯಿಯನ್ನು ಅವರು ನೋಡಿಲ್ಲ. ಕರ್ನಾಟಕ ಸರ್ಕಾರವೇ ‘ಪ್ರಬುದ್ಧ’ ಯೋಜನೆಯಡಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುತ್ತದೆ. ವಿದೇಶದಲ್ಲಿ ಓದಿದ್ದಕ್ಕೆ ಹೆಚ್ಚುವರಿ ಅಂಕ ಕೊಡಿ ಎಂದು ಯಾರೂ ಕೇಳುತ್ತಿಲ್ಲ, ಕೊಡಲೂ ಬಾರದು. ಕಾಸಿದ್ದವರಿಗೆ ಅದು ಇನ್ನೊಂದು ಮೆಟ್ಟಿಲಾದೀತು. ಕೇಳುತ್ತಿರುವುದು ಸರಿಯಾದ ಅಳತೆ ಮಾತ್ರ.

ಕ್ಯಾಟ್ ನಡೆಯುವುದು ನವೆಂಬರ್ ಕೊನೆಯಲ್ಲಿ, ಪ್ರಕಟಣೆ ಹೊರಬೀಳುವುದು ಜುಲೈ ಕೊನೆಯ ಹೊತ್ತಿಗೆ. ಮುಂದಿನ ಪ್ರಕಟಣೆಯಲ್ಲೇ ಐಐಎಂಗಳು ಆ ಭಾಗಾಕಾರವನ್ನು ಕೈಬಿಟ್ಟು, ಪಾಸಿನ ಅಂಕವನ್ನೂ ಲೆಕ್ಕಕ್ಕೆ ಹಿಡಿಯುವ ಸೂತ್ರವನ್ನು ತರಲಿ.