ಮೈಲಿಗೆಗೂ ಒಂದು ರೇಟು



ನಾವು ಮುಟ್ಟಿದರೆ ಕೆರೆ ಮೈಲಿಗೆ ಅಂದರು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು.

ಇವತ್ತು ವೃಷಭಾವತಿಯ ದಂಡೆಗೆ ಬಂದು ನಿಲ್ಲಿ. ಬೆಂಗಳೂರಿನ ಕಕ್ಕಸು, ಕಾರ್ಖಾನೆಗಳ ರಾಸಾಯನಿಕ ಹೊತ್ತು, ನೊರೆ ಕಕ್ಕುತ್ತಾ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಇಳಿಯುತ್ತದೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಇದನ್ನು ಮೈಲಿಗೆ ಅಂದ ಮಡಿವಂತನನ್ನು ನಾವಿನ್ನೂ ಕಂಡಿಲ್ಲ. ಇದಕ್ಕೆ ಇಟ್ಟಿರೋ ಹೆಸರು ಮಾಲಿನ್ಯ. ಅದಕ್ಕೊಂದು ರೇಟೂ ಉಂಟು.

ರೇಟಿನ ಕತೆ ಕೇಳಿ. 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು, 1977ರಲ್ಲಿ ನೀರಿನ ಸೆಸ್ಸು. ಬಿಟ್ಟ ಹೊಲಸಿನ ತೂಕಕ್ಕಲ್ಲ, ಬಳಸಿದ ನೀರಿಗೆ, ಸಾವಿರ ಲೀಟರಿಗೆ ಇಷ್ಟು ಪೈಸೆ ಅಂತ! ಹೊಲಸು ನೀರು ತಿಳಿ ಮಾಡೋ ಘಟಕ ಕಟ್ಟೋದಕ್ಕಿಂತ ಪೈಸೆ ಎಸೆಯೋದೇ ಸಸ್ತಾ. ಧಣಿಗೆ ಲೆಕ್ಕ ಬರೋದಿಲ್ವಾ? 2017ರಲ್ಲಿ ಜಿಎಸ್‌ಟಿ ಬಂದಾಗ ಆ ಪೈಸೆಯನ್ನೂ ಕೈಬಿಟ್ಟರು.

2019ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 'ಪರಿಸರ ಪರಿಹಾರ'ಕ್ಕೆ ಸೂತ್ರ ಕಟ್ಟಿತು. ತಪ್ಪಿದ ಕಾರ್ಖಾನೆ ಎಂಥದ್ದು, ಎಷ್ಟು ದೊಡ್ಡದು, ಎಷ್ಟು ದಿನ ತಪ್ಪಿತು, ಎಲ್ಲಿದೆ, ಎಲ್ಲವನ್ನೂ ಗುಣಿಸಬೇಕು. ಕೋಟಿ ಜನರ ನಗರವಾದರೆ ಎರಡರಿಂದ ಗುಣಿಸು; ಹತ್ತು ಲಕ್ಷಕ್ಕಿಂತ ಕಡಿಮೆ ಜನರ ಊರಾದರೆ ಸಾಮಾನ್ಯವಾಗಿ ಒಂದರಿಂದ. ಅಂದರೆ ಅದೇ ವಿಷವನ್ನು ಸಣ್ಣ ಊರಲ್ಲಿ ಸುರಿದರೆ ಅರ್ಧ ರೇಟು! ಕೆಳಗೆ ಆ ನೀರಲ್ಲಿ ಕಾಲಿಟ್ಟು ದುಡಿಯೋ ಕೂಲಿ ಹೆಂಗಸಿಗೆ ಆ ಸೂತ್ರದಲ್ಲಿ ಒಂದಕ್ಷರದ ಜಾಗವೂ ಇಲ್ಲ.

"ಹಾಗಾದ್ರೆ ಶುಲ್ಕವೇ ಬೇಡವೇನ್ರೀ?" ಅಂತ ಓದಿದ ಗೆಳೆಯರು ಕೇಳ್ತಾರೆ. ಬೇಕು. ಹೊಲಸಿನ ತೂಕ ಹಾಕಿ ವಸೂಲು ಮಾಡಿ. ತಿಳಿ ಮಾಡೋ ಖರ್ಚಿಗಿಂತ ಶುಲ್ಕ ಹೆಚ್ಚಿರಲಿ. ಆಗ ಧಣಿಯ ಲೆಕ್ಕ ತಾನಾಗಿ ತಿರುಗುತ್ತದೆ. ತೂಕ ಹಾಕುವಾಗ ದಂಡೆಯ ಕೇರಿಯವರು ಎದುರಿಗಿರಲಿ. ಬಂದ ದುಡ್ಡು ವಿಧಾನಸೌಧದ ತಿಜೋರಿಗಲ್ಲ, ದಂಡೆಯ ಊರುಗಳ ಕುಡಿಯೋ ನೀರಿಗೆ ಹೋಗಲಿ. ಮತ್ತೆ, ಜೀವ ತೆಗೆಯೋ ವಿಷಕ್ಕೆ ರೇಟೇ ಇರಕೂಡದು. ಅಂಥ ಕಾರ್ಖಾನೆಗೆ ಬೀಗ, ಅಷ್ಟೆ.

ನೀರು ಮುಟ್ಟಿದ್ದಕ್ಕೆ ನಮ್ಮ ಜನರಿಂದ ಊರೂರಲ್ಲಿ ದಂಡ ಕಟ್ಟಿಸಿಕೊಂಡರು. ದಂಡ ಕಟ್ಟಿದಿರಲ್ಲ, ನಾಳೆಯೂ ಬಂದು ಮುಟ್ಟಿ ಅಂತ ಯಾರೂ ಹೇಳಲಿಲ್ಲ. ಅವರ ಕೈಗೆ ಹೋದಾಗ ಮಾತ್ರ ದಂಡದ ರಸೀತಿ ಪರವಾನಗಿ ಆಗಿಬಿಡುತ್ತದೆ.

ಆ ರಸೀತಿಯನ್ನು ನಾವು ಒಪ್ಪೋದಿಲ್ಲ.